ಕ್ರಾಸಿನಲ್ಲಿ ಹಾಕಿಕೊಳ್ಳುವ ಚಪ್ಪಲಿ

ಮೊನ್ನೆ ಸಮೀಕ್ಷೆಗೆಂದು ಬಂದ ಹುಡುಗಿ ನಮ್ಮ ಅಂಗಳದ ಕಲ್ಲಿನ ಮೇಲೆ ನಿಂತು ಕಾಲು ತೊಳೆದುಕೊಳ್ಳುತ್ತಿದ್ದಳು. ಮೊಣಕಾಲಿನವರೆಗೆ ಎರೆಮಣ್ಣು, ಕೈಯಲ್ಲಿ ಚಪ್ಪಲಿ. ಆ ಹಸಿ ಮಣ್ಣಿನ ವಾಸನೆಗೆ ನನ್ನ ಕಣ್ಣು ಗೋಡೆಯ ಮೊಳೆಯ ಕಡೆಗೆ ಹೋಯಿತು. ಅಲ್ಲಿ ನನ್ನ ಹೆಂಡತಿ ಕಸ್ತೂರಿಯ ಕೈಚೀಲ ತೂಗುತ್ತಿದೆ, ಒಳಗೆ ಅವಳ ಚಪ್ಪಲಿ. ಅವಳು ತೀರಿಕೊಂಡು ಎರಡು ತಿಂಗಳಾಯಿತು. ಚೀಲವನ್ನು ಯಾರೂ ಇಳಿಸಿಲ್ಲ.

ನೀವು ನಿಂಬರ್ಗಾದ ಕಡೆ ಬಂದವರಾದರೆ ನಮ್ಮೂರ ಕ್ರಾಸ್ ನೋಡಿರುತ್ತೀರಿ, ಊರನ್ನು ನೋಡಿರಲಾರಿರಿ. ಕ್ರಾಸಿನಿಂದ ಒಳಗೆ ಮೂರು ಕಿಲೋಮೀಟರ್ ಬರೀ ಎರೆ. ಮಳೆ ಬಿದ್ದರೆ ನಾದಿದ ಹಿಟ್ಟಿನಂತೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ನಮ್ಮೂರ ಹೆಂಗಸರು ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಬರಿಗಾಲಲ್ಲಿ ನಡೆದು, ಕ್ರಾಸಿನ ಬೋರಿಂಗಿನಲ್ಲಿ ಕಾಲು ತೊಳೆದು, ಚಪ್ಪಲಿ ಹಾಕಿಕೊಂಡು ಬಸ್ಸಿಗೆ ನಿಲ್ಲುತ್ತಾರೆ.

ಕಸ್ತೂರಿ ಜೇವರ್ಗಿಯವಳು, ಹಗಲೆಲ್ಲ ಬಸ್ಸು ಲಾರಿ ಓಡಾಡುವ ರಸ್ತೆಯ ಮಗ್ಗುಲಲ್ಲಿ ಬೆಳೆದವಳು. ಹೆಣ್ಣು ಕೇಳಲು ಹೋದಾಗ ಅವಳಪ್ಪ ನನ್ನ ಓದು ಕೇಳಲಿಲ್ಲ, ಹೊಲ ಕೇಳಲಿಲ್ಲ. "ಊರಿಗಿ ಬಸ್ ಅದ ಏನ್ರಿ?" ಎಂದರು. "ಅದರಿ" ಎಂದೆ, ದೊಡ್ಡ ಗತ್ತಿನಲ್ಲಿ. ಮದುವೆಯಾಗಿ ಟ್ರ್ಯಾಕ್ಟರಿನಿಂದ ಇಳಿದವಳು ನನ್ನ ಕಿವಿಯ ಬಳಿ, "ನಿಮ್ಮ ಬಸ್ಸಿಗಿ ಸೀಟೇ ಇಲ್ಲೇನ್ರಿ?" ಎಂದಿದ್ದಳು. ಆ ಸುಳ್ಳನ್ನು ಅವಳು ನಕ್ಕು ಕಳೆದಳು.

ಇನ್ನೊಂದು ಸುಳ್ಳು ಅವಳಿಗೆ ಗೊತ್ತಿರಲಿಲ್ಲ. ಹಿಂದೊಮ್ಮೆ ಊರಿನ ಮಾಹಿತಿ ಬರೆದುಕೊಳ್ಳಲು ಮಾಸ್ತರರೊಬ್ಬರು ಬಂದಿದ್ದರು. ಹತ್ತನೆಯವರೆಗೆ ಓದಿದವನೆಂದು ಹಿರಿಯರು ನನ್ನನ್ನು ಅವರ ಮುಂದೆ ಕೂರಿಸಿದರು. ಬಸ್ಸಿನ ಪ್ರಶ್ನೆ ಬಂದಾಗ ತಡವರಿಸಿದೆ.

"ಅದ ಅನ್ನಲೇ," ಎಂದರು ಪಕ್ಕದ ಮನೆಯ ಶರಣಪ್ಪ ಕಾಕಾ. "ಇಲ್ಲಂದ್ರ ಈ ಊರಿಗಿ ಯಾರು ಹೆಣ್ಣು ಕೊಡ್ತಾರ? ನಿನ್ನ ಮದುವಿಯರ ಆತು, ಉಳಿದವರು ಏನು ಮಾಡಬೇಕು?"

ಎಲ್ಲರೂ ನಕ್ಕರು. ನಾನೂ ನಕ್ಕು, ಬಸ್ಸು ಇದೆ ಎಂದೇ ಬರೆಸಿದೆ.

ಆಮೇಲೆ ಹಾದಿಗೂ ಬಸ್ಸಿಗೂ ಅರ್ಜಿ ಕೊಡಲು ನಾವಿಬ್ಬರೂ ಆಳಂದಕ್ಕೆ ಹೋದೆವು. ಮನೆಮನೆ ತಿರುಗಿ ಹೆಂಗಸರಿಂದ ಹೆಬ್ಬೆಟ್ಟು ಒತ್ತಿಸಿಕೊಂಡವಳು ಅವಳೇ. ಕಚೇರಿಯವರು ಕಾಗದ ತಿರುವಿ, "ನಿಮ್ಮೂರಿಗಿ ಬಸ್ ಅದ ಅಂತ ಬರದದಲ್ರಿ ಅಕ್ಕಾ, ಬಸ್ ಅದ ಅಂದ್ರ ಹಾದೀನೂ ಅದ, ಮತ್ತೇನು ಕೇಳ್ತೀರಿ?" ಎಂದರು. ಹೊರಗೆ ಬಂದು ಅವಳು, "ಯಾವ ಮೂಳ ಬರೆಸ್ಯಾನೋ, ಅವನ ನಾಲಿಗಿ ಬಿದ್ದು ಹೋಗ್ಲಿ" ಎಂದು ಬೈದಳು. ಚಹಾ ಕುಡಿಯೋಣ ಬಾ ಎಂದೆ.

ಈ ಮಳೆಗಾಲದ ಒಂದು ಬೆಳಿಗ್ಗೆ ಅವಳಿಗೆ ಎದೆ ನೋಯತೊಡಗಿತು. ಆಂಬುಲೆನ್ಸ್ ಕ್ರಾಸಿಗೆ ಬಂದು ನಿಂತಿತು, ಮುಂದೆ ಬರಲು ಹಾದಿಯಿರಲಿಲ್ಲ. ಹೊರಸಿನ ಮೇಲೆ ಮಲಗಿಸಿ ನಾಲ್ವರು ಹೊತ್ತೆವು. ಇಟ್ಟ ಹೆಜ್ಜೆ ಕೀಳಲು ಬರುತ್ತಿರಲಿಲ್ಲ. ಅರ್ಧ ದಾರಿಯಲ್ಲಿ, "ನನ್ನ ಚಪ್ಪಲಿ ತಗೊಂಡೀರೇನ್ರಿ?" ಎಂದು ಕೇಳಿದಳು. ಹೆಗಲಿನ ಚೀಲ ಎತ್ತಿ ತೋರಿಸಿದೆ. ಬೋರಿಂಗಿನ ಹತ್ತಿರ ಹೊರಸು ಇಳಿಸಿದಾಗ ಅವಳ ಉಸಿರು ನಿಂತಿತ್ತು. ಚೀಲ ಹಾಗೆಯೇ ಮನೆಗೆ ಮರಳಿತು.

ಹುಡುಗಿ ಕಾಲೊರೆಸಿಕೊಂಡು ಮೊಬೈಲ್ ತೆಗೆದಳು. "ಮನ್ಯಾಗ ಎಷ್ಟು ಮಂದಿ ಇದ್ದೀರಿ, ಕಾಕಾ?"

"ನಾಲ್ಕು."

"ಮೂರ್ರೀ, ಮಾವಾ" ಎಂದಳು ಒಳಗಿನಿಂದ ಸೊಸೆ, ಮೆಲ್ಲಗೆ.

"ಊರಿಗಿ ಬಸ್ ಅದ ಏನ್ರಿ?" ಎಂದ ಹುಡುಗಿ ತನ್ನ ಕಾಲು ನೋಡಿಕೊಂಡು ತಾನೇ ನಕ್ಕಳು. "ಕೇಳಲೇಬೇಕಾಗ್ತದರಿ."

ಪಕ್ಕದ ಕಟ್ಟೆಯಿಂದ ಶರಣಪ್ಪ ಕಾಕಾ ಕೂಗಿದರು: "ಅದ ಅನ್ನಲೇ! ನಮ್ಮ ಮೊಮ್ಮಗನ ಲಗ್ನದ ಮಾತು ನಡದದ."

"ಇಲ್ಲ" ಎಂದೆ.

"ಹಿಂದಿನದ್ರಾಗ ಅದ ಅಂತ ಬರದದರಿ. ಯಾಕ ಬದಲಾತು ಅಂತ ಕಾರಣ ಕೇಳಾಕತ್ತದ ಇದು."

"ಆವಾಗ ನಾ ಸುಳ್ಳು ಬರೆಸಿದ್ದೆ."

ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಹುಡುಗಿ ಮೊಬೈಲಿನ ಮೇಲೆ ಬೆರಳಾಡಿಸಿ ನೋಡಿದಳು. "ಅದು ಇದ್ರಾಗ ಇಲ್ರಿ, ಕಾಕಾ. 'ಇತರೆ' ಅಂತ ಹಾಕ್ತೇನಿ."

ಅವಳು ಮತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಹಾದಿಗಿಳಿದಳು. ನಾನು ಮೊಳೆಯಿಂದ ಚೀಲ ಇಳಿಸಿ, ಕಸ್ತೂರಿಯ ಚಪ್ಪಲಿಗಳನ್ನು ತೊಡೆಯ ಮೇಲೆ ತಿರುವಿಟ್ಟುಕೊಂಡು ನೋಡಿದೆ. ಅಟ್ಟೆಗೆ ನಮ್ಮೂರ ಮಣ್ಣು ಒಂದಿಷ್ಟೂ ಅಂಟಿರಲಿಲ್ಲ.