ಗೋಡೆಪತ್ರಿಕೆಯಲ್ಲಿ ಮಗಳು ಬರೆದ ಸುದ್ದಿ

"ನಿನ್ನ ಸುದ್ದಿ ಶಾಲೆ ಗೋಡೆ ಮೇಲೆ ಬಂದದೆ ಮಾರಾಯ!"

ಕಳೆದ ಸೋಮವಾರ ನನ್ನ ಗಿರಣಿಗೆ ಅಕ್ಕಿ ಬೀಸಿಸಲು ಬಂದ ಗಣಪಣ್ಣ ಹೀಗೆಂದಾಗ ನನಗೆ ಖುಷಿಯೇ ಆಯಿತು. (ಗಿರಣಿಯ ಸದ್ದಿನಲ್ಲಿ ಪಾಪ, ಎರಡು ಸಲ ಕೂಗಬೇಕಾಯಿತು.)

"ಯಾರು ಬರ್ದದ್ದು?"

"ನಿನ್ನ ಮಗಳೇ. ಹೋಗಿ ನೋಡು. ನಾ ಎಂತದೂ ಹೇಳೂದಿಲ್ಲ." ಹಿಟ್ಟಿನ ಚೀಲ ಹೆಗಲಿಗೇರಿಸಿ ನಗುತ್ತ ಹೋದ.

ಮಗಳು ಮೂರನೇ ಕ್ಲಾಸು. ಅವಳ ಶಾಲೆಯಲ್ಲಿ ವಾರಕ್ಕೊಮ್ಮೆ ಗೋಡೆಪತ್ರಿಕೆ ಅಂಟಿಸುತ್ತಾರೆ. ಮಕ್ಕಳು ತಮಗೆ ತೋಚಿದ್ದನ್ನು ತಾವೇ ಬರೆಯಬೇಕು. ಬೋರ್ಡು ನೋಡಿ ನಕಲು ಮಾಡುವಂತಿಲ್ಲ, ಗೈಡು ಮುಟ್ಟುವಂತಿಲ್ಲ. ಪಾಲಕರ ಸಭೆಯಲ್ಲಿ ಇದಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ಹೌದೆಂದವನು ನಾನು. ಏಕೆಂದರೆ ಆರನೇ ಕ್ಲಾಸಿಗೆ ಶಾಲೆ ಬಿಡುವವರೆಗೂ ನಾನು ಸ್ವಂತದ್ದೊಂದು ವಾಕ್ಯ ಬರೆದಿರಲಿಲ್ಲ. ಆಮೇಲೆ ಯಾರ ಹಂಗೂ ಇಲ್ಲದೆ ಗಿರಣಿ ಕಟ್ಟಿದೆ. ಬರೆಯುವುದನ್ನೂ ಹಾಗೆಯೇ ಕಲಿತೆ. ಮಗಳಿಗೆ ಅಷ್ಟು ತಡವಾಗಬಾರದಲ್ಲ?

ಮೋಟರು ನಿಲ್ಲಿಸಿ ಶಾಲೆಗೆ ಹೋದೆ. ಜಗಲಿಯ ಗೋಡೆಯ ಮೇಲೆ ಪೆನ್ಸಿಲಿನ ದುಂಡು ಅಕ್ಷರ.

"ನನ್ನ ಅಪ್ಪನಿಗೆ ಗಿರಣಿ ಇದೆ. ಗಿರಣಿ ತುಂಬಾ ಸದ್ದು ಮಾಡುತ್ತದೆ. ಅಲ್ಲಿ ಅಪ್ಪ ಕೂಗಿ ಮಾತಾಡುತ್ತಾನೆ. ಮನೆಗೆ ಬಂದರೂ ಕೂಗಿ ಮಾತಾಡುತ್ತಾನೆ. ಮನೆಯಲ್ಲಿ ಗಿರಣಿ ಇಲ್ಲ. ಅಪ್ಪ ಬಂದರೆ ನಾನು ಒಳಗೆ ಹೋಗುತ್ತೇನೆ."

ಕಿವಿ ಬಿಸಿಯಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಹಿಟ್ಟಿನ ದೂಳು ಕುಡಿಯುವುದು ಯಾರಿಗಾಗಿ? ಈ ಗೋಡೆಯ ಮುಂದೆ ಎಷ್ಟು ಜನ ನಿಂತು ನಕ್ಕಿರಬೇಡ?

ಮಗಳ ಟೀಚರಮ್ಮ, ನಾವು ಅಕ್ಕೋರು ಎನ್ನುತ್ತೇವೆ, ಹಾವೇರಿ ಕಡೆಯವರು. "ಬರ್ರಿ, ಕುಂದರ್ರಿ" ಎಂದರು. ನಾನು ಕೂರಲಿಲ್ಲ.

"ಅಕ್ಕೋರೆ, ಇದನ್ನ ನೀವು ತಿದ್ದಿ ಹಾಕ್ಬೇಕಾಗಿತ್ತು."

"ಏನ್ ತಿದ್ದಲಿರಿ? ಸುಳ್ಳು ಬರದಾಳೇನು?"

"ಅದಲ್ಲ ಪ್ರಶ್ನೆ!" ಎಂದೆ. ಜಗಲಿಯ ಆ ತುದಿಯಲ್ಲಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು. ಅಷ್ಟು ಜೋರಾಗಿ ಹೇಳಿದ್ದೆ.

ಅಕ್ಕೋರು ದನಿ ತಗ್ಗಿಸಿದರು. "ಶಾಲಿ ಸುರು ಆದಾಗ ಒಂದೊಂದು ಸಾಲಿಗೂ 'ಏನ್ ಬರೀಲಿ ಅಕ್ಕೋರೆ' ಅಂತ ಕೇಳಾಕಿ ಆಕಿ. ಇದನ್ನ ಯಾರನ್ನೂ ಕೇಳದ ಬರದಾಳ. ಮೊದಲನೇ ಸಲ. ಬ್ಯಾಡ ಅನಿಸಿದ್ರ ನೀವ ಕಿತ್ಕೊಂಡು ಹೋಗ್ರಿ. ಆದ್ರ ನಾಳಿಂದ ಆಕಿ ಮತ್ತ ನಮ್ಮ ಮುಖ ನೋಡ್ಕೋತ ಬರೀತಾಳ."

ನನ್ನ ಕೈ ಆಗಲೇ ಹಾಳೆಯ ಮೂಲೆಯ ಮೇಲಿತ್ತು. ಮಕ್ಕಳ ಗುಂಪಿನಲ್ಲಿ ಮಗಳೂ ಇದ್ದಳು. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಆ ಕೈಯನ್ನು ನೋಡುತ್ತಿದ್ದಳು.

ಕೈ ಹಿಂದಕ್ಕೆ ತೆಗೆದುಕೊಂಡೆ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಕೀಳುವ ಧೈರ್ಯ ಸಾಲಲಿಲ್ಲ, ಅಷ್ಟೆ.

ಸಂಜೆ ಮನೆಯಲ್ಲಿ ಮೆಲ್ಲಗೆ ಚಾ ಕೇಳಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಎಂತ ಆಯ್ತು? ಗಂಟಲು ಕಟ್ಟಿತಾ?"

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. "ಅಪ್ಪ, ನಾ ಬರ್ದದ್ದು ತಪ್ಪಾ?"

ಕ್ವಿಂಟಲ್ ಚೀಲ ಎತ್ತಿ ಅಭ್ಯಾಸವಿರುವ ಮೈ ಇದು. ಆದರೂ ಆ ಒಂದು ಮಾತು ಎತ್ತಲು ಹೊತ್ತು ಹಿಡಿಯಿತು.

"ತಪ್ಪಲ್ಲ. ನೀ ಬರ್ದದ್ದು ಖರೇನೇ."

ಓಡಿ ಬಂದು ತಬ್ಬಿಕೊಂಡಳು ಎಂದು ಬರೆದರೆ ನಿಮಗೂ ಹಿತ, ನನಗೂ ಹಿತ. ಹಾಗೇನೂ ಆಗಲಿಲ್ಲ. ಸ್ವಲ್ಪ ಹೊತ್ತು ನಿಂತಳು, ಒಳಗೆ ಹೋದಳು. ಹೆದರಿ ಹೋದಳೋ, ಪೆನ್ಸಿಲು ಹುಡುಕಲು ಹೋದಳೋ, ನಾನು ಕೇಳಲಿಲ್ಲ.

ಮಕ್ಕಳು ಸ್ವಂತ ಬರೆಯಲಿ ಎಂದು ನಾವೆಲ್ಲ ಹೇಳುತ್ತೇವೆ. ಬರೆದದ್ದು ನಮ್ಮ ಬಗ್ಗೆಯೇ ಆದರೂ?