ಅಲ್ ಐನ್‌ಗೆ ಬಿರಿಯಾನಿ, ನೈಫ್‌ಗೆ ಸಲಾಂ

ಕಳೆದ ಶನಿವಾರ ಬೆಳಗ್ಗೆ ನಾನು ನಲ್ವತ್ತನೆಯ ಪತ್ತಿರ್ ಒತ್ತುತ್ತಿದ್ದೆ. (ಪತ್ತಿರ್ ಎಂದರೆ ನಮ್ಮ ಬ್ಯಾರಿ ಮನೆಗಳ ತೆಳು ಅಕ್ಕಿ ರೊಟ್ಟಿ. ತಿನ್ನುವವರಿಗೆ ಹಗುರ, ಒತ್ತುವವರ ಭುಜಕ್ಕಲ್ಲ.) ಪಕ್ಕದ ಒಲೆಯಲ್ಲಿ ಕೋಳಿ ಸಾರು. ಮಧ್ಯಾಹ್ನ ಊಟಕ್ಕೆ ಅಶ್ರಫ್ ಹಾಜಿಯವರು ಇಲ್ಲಿ ಗಲ್ಫಿನ ನೈಫ್ ಪೇಟೆಯ ನಮ್ಮ ಫ್ಲ್ಯಾಟಿಗೆ ಬರುವವರಿದ್ದರು. ಅವರು ನಮ್ಮ ಕರಾವಳಿ ಸಂಘದ ಈಗಿನ ಕಾರ್ಯದರ್ಶಿ. ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರೆ.

ಅಷ್ಟರಲ್ಲಿ ಅಂಗಡಿಯಿಂದ ನಮ್ಮವರ ಫೋನ್ ಬಂತು.

“ಹಾಜಿ ಬರುವುದಿಲ್ಲವಂತೆ. ಅಲ್ ಐನ್‌ಗೆ ಹೋಗಿದ್ದಾರೆ. ನಿನಗೆ ಸಲಾಂ ಹೇಳ್ಲಿಕ್ಕೆ ಹೇಳಿದ್ದಾರೆ.”

“ಆ ಸಲಾಮನ್ನು ಕೋಳಿ ಸಾರಿನ ಜೊತೆ ಬಡಿಸುವುದಾ?” ಎಂದೆ.

ನನ್ನ ಸಿಟ್ಟು ರೊಟ್ಟಿಗಾಗಿ ಅಲ್ಲ. (ಸ್ವಲ್ಪ ರೊಟ್ಟಿಗಾಗಿಯೂ ಹೌದು.) ನಮ್ಮ ಮೇಲಿನ ಮಹಡಿಯ ಸುಮಿತ್ರಕ್ಕ ಪ್ರತಿ ಶನಿವಾರ ಸಂಜೆ ಹದಿನಾರು ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಹೋಟೆಲೊಂದರ ಮೇಲಿನ ಕೋಣೆಯಲ್ಲಿ ಕ್ಲಾಸು. ಹೋಟೆಲಿನವರಿಗೆ ಈಗ ಆ ಕೋಣೆ ಸಾಮಾನು ತುಂಬಿಸಲು ಬೇಕು. ಅಂದೇ ಕೊನೆಯ ಕ್ಲಾಸು. ಮುಂದಿನ ಶನಿವಾರ ಮಕ್ಕಳನ್ನು ಎಲ್ಲಿ ಕೂರಿಸುವುದು?

ಎರಡು ಗಲ್ಲಿ ಆಚೆ ಸಂಘದ ಆಫೀಸು ಇದೆ. ಎಸಿ ಇದೆ, ಕುರ್ಚಿ ಇದೆ. ಶನಿವಾರ ಬೀಗವೂ ಇದೆ. ಅದರ ಕೀ ಹಾಜಿಯವರ ಜೇಬಿನಲ್ಲಿ. ಫೋನಿನಲ್ಲಿ ಕೇಳಿದಾಗಲೆಲ್ಲ “ನೋಡುವ ತಂಗೀ” ಎಂದೇ ಉತ್ತರ. ಉಂಡ ಬಾಯಿ ಇಲ್ಲ ಎನ್ನಲಾರದು ಎಂಬ ಧೈರ್ಯದಲ್ಲಿ ನಾನು ರೊಟ್ಟಿ ಒತ್ತುತ್ತಿದ್ದೆ.

ಮಗಳು ಶಿಫಾ ಹನ್ನೊಂದನೇ ಕ್ಲಾಸು. ಸ್ಕೂಲಿಗೆ ಅಮೆರಿಕದ ಅಧ್ಯಕ್ಷರ ಚುನಾವಣೆಯ ಪ್ರಾಜೆಕ್ಟ್ ಮಾಡುತ್ತಿದ್ದವಳು ಅಡುಗೆಮನೆಗೆ ಬಂದಳು.

“ಉಮ್ಮಾ, ಸಿಂಪಲ್. ಯೂ ಆರ್ ಎ ಸೇಫ್ ಸ್ಟೇಟ್.”

ಅವಳು ವಿವರಿಸಿದ್ದು ಇಷ್ಟು. ಅಲ್ಲಿ ಒಂದೆರಡು ರಾಜ್ಯ ಬಿಟ್ಟರೆ ಉಳಿದೆಡೆ ಒಂದೇ ಒಂದು ವೋಟು ಹೆಚ್ಚು ಬಂದರೂ ಆ ರಾಜ್ಯದ ಪ್ರತಿನಿಧಿಗಳ ವೋಟೆಲ್ಲ ಗೆದ್ದವನಿಗೆ. ಹಾಗಾಗಿ ಕ್ಯಾಲಿಫೋರ್ನಿಯಾದಂಥ ಕಡೆ ಗೆಲ್ಲುವವನು ಪ್ರಚಾರಕ್ಕೆ ಬರುವುದಿಲ್ಲ, ಹೇಗೂ ಸಿಗುತ್ತದೆ. ಸೋಲುವವನೂ ಬರುವುದಿಲ್ಲ, ಹೇಗೂ ಸಿಗುವುದಿಲ್ಲ. ಇಬ್ಬರೂ ಬ್ಯಾಗು ಹಿಡಿದು ಓಡುವುದು ಯಾವ ಕಡೆ ವಾಲುತ್ತದೋ ಗೊತ್ತಿಲ್ಲದ ಪೆನ್ಸಿಲ್ವೇನಿಯಾಕ್ಕೆ.

“ಹಾಗಾದ್ರೆ ಕ್ಯಾಲಿಫೋರ್ನಿಯಾಕ್ಕೆ ಬರುವುದೇ ಇಲ್ವಾ?”

“ಬರ್ತಾರೆ. ಫಂಡ್ ಕಲೆಕ್ಟ್ ಮಾಡ್ಲಿಕ್ಕೆ.”

ಅಲ್ಲಾಹ್! ನಮ್ಮ ಸಂಘದವರು ಅಮೆರಿಕದಲ್ಲಿ ಟ್ರೈನಿಂಗ್ ಪಡೆದಿದ್ದಾರೆಯೇ? ನಮ್ಮಲ್ಲೂ ಪ್ರತಿ ಊರಿನ ಘಟಕದವರು ಸೇರಿ ಕೈ ಎತ್ತುತ್ತೇವೆ. ಹೆಚ್ಚು ಕೈ ಯಾರಿಗೋ, ಆ ಘಟಕದ ಪ್ರತಿನಿಧಿಗಳೆಲ್ಲ ಅವರ ಪಾಲಿಗೆ. ನೈಫ್ ಘಟಕದಲ್ಲಿ ಮುಕ್ಕಾಲು ಜನ ಹಾಜಿಯವರ ಊರಿನವರು. ಇಫ್ತಾರಿನ ಚಂದಾಕ್ಕೆ ಸಂಘದ ಹುಡುಗರು ಮೊದಲು ಬರುವುದು ನಮ್ಮ ಬಾಗಿಲಿಗೆ. ಅಲ್ ಐನ್‌ನವರು ಮಾತ್ರ ಪ್ರತಿ ಸಲ “ನೋಡುವ” ಎನ್ನುತ್ತಾರೆ. ಅದಕ್ಕೇ ಅವರಿಗೆ ಅಂದು ಬಿರಿಯಾನಿ, ಕ್ರಿಕೆಟ್ ಕಿಟ್, ಮೆಡಿಕಲ್ ಕ್ಯಾಂಪಿನ ಮಾತು.

ನಗುವುದಕ್ಕೆ ನನಗೂ ಹಕ್ಕಿಲ್ಲ. ಪುದಿಯಾಪ್ಲೆ, ಅಂದರೆ ಹೊಸ ಅಳಿಯ, ಮನೆಗೆ ಬಂದರೆ ನಾವು ಮಾಡುವುದೇನು? ಇಡೀ ಕೋಳಿ ಅವನ ಮುಂದೆ. ಮುಖ ಸಣ್ಣಗಾದರೆ ಇನ್ನೊಂದು ಕೋಳಿ. ಇಪ್ಪತ್ತು ವರ್ಷದ ಹಳೆಯ ಅಳಿಯ ಅದೇ ಹೊತ್ತಿನಲ್ಲಿ ಕೈ ತೊಳೆಯಲು ನೀರು ಹಿಡಿದು ನಿಂತಿರುತ್ತಾನೆ. ಅವನು ಎಲ್ಲಿಗೆ ಹೋಗುತ್ತಾನೆ, ಅಲ್ಲವೇ? ಪಡೆದವನು, ಅಂದರೆ ನಮ್ಮನ್ನು ಸೃಷ್ಟಿಸಿದ ಅಲ್ಲಾಹನು, ಮಾತ್ರ ಹಾಗಲ್ಲ; ದಿನಕ್ಕೆ ಐದು ಸಲ ಕರೆಯುವವರ ಮಾತನ್ನೂ ಬೇಸರವಿಲ್ಲದೆ ಕೇಳುತ್ತಾನೆ. ‘ಇವಳು ಹೇಗೂ ನಮ್ಮವಳು’ ಎಂದು ಬಿಟ್ಟುಬಿಡುವುದಿಲ್ಲ. ಅಲ್‌ಹಮ್ದುಲಿಲ್ಲಾಹ್.

ಸುಮಿತ್ರಕ್ಕನನ್ನು ಊಟಕ್ಕೆ ಕರೆದು ವಿಷಯ ಹೇಳಿದೆ.

“ನೀನೊಂದು ಮೆಸೇಜ್ ಹಾಕು ಮಾರಾಯ್ತಿ” ಎಂದರು. “ನಾವು ವೋಟು ಎದುರು ನಿಂತವರಿಗೆ ಹಾಕ್ತೇವೆ ಅಂತ ಬರಿ.”

ಸುಳ್ಳು ಹೇಳುವುದು ನನ್ನಿಂದಾಗದು. ಹಾಜಿಯವರಿಗೆ ಬರೆದದ್ದು ಒಂದೇ ಸಾಲು: “ನೈಫ್‌ನ ಹೆಂಗಸರು ನಿಮಗಾಗಿ ಇನ್ನೂ ಕೈ ಎತ್ತಿಲ್ಲ.” ನಿಜ ತಾನೇ? ಕೈ ಎತ್ತುವುದೇ ಮುಂದಿನ ವಾರದ ಭಾನುವಾರ!

ಸಂಜೆ ನಮ್ಮವರು ಗಾಬರಿಯಿಂದ ಬಂದರು. “ಎಂತ ಮಾಡಿದೆ ನೀನು? ಹಾಜಿ ನಾಲ್ಕು ಸಲ ಫೋನ್ ಮಾಡಿದ್ರು. ಅವರು ನಮ್ಮ ಊರಿನವರಲ್ವಾ?”

“ಅದಕ್ಕೇ ಅಲ್ವಾ ಬಾರದಿದ್ದದ್ದು?”

ಮರುದಿನ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ನಾನು ಎದ್ದೇಳುವಷ್ಟರಲ್ಲಿ ಬೆಲ್ ಆಯಿತು. ಹಾಜಿಯವರು! ಒಂದು ಕೈಯಲ್ಲಿ ಸ್ವೀಟ್ಸಿನ ಡಬ್ಬ, ಇನ್ನೊಂದು ಎದೆಯ ಮೇಲೆ. ಮೂರು ವರ್ಷದಲ್ಲಿ ನಮ್ಮ ಲಿಫ್ಟ್ ಹತ್ತದವರಿಗೆ ನಮ್ಮ ಮಹಡಿ ಯಾವುದೆಂದು ನೆನಪಿತ್ತು. ಅದೂ ದೇವರ ಒಂದು ಬರಕತ್ತೇ.

“ಎಂತ ತಂಗೀ, ನಮ್ಮ ಮೇಲೆ ಕೋಪವಾ? ನೈಫ್ ಅಂದ್ರೆ ನನ್ನ ಮನೆ.”

“ಹೌದು ಹಾಜೀ. ಮನೆಯವರಿಗೇ ಕೀ ಇಲ್ಲ, ಅಷ್ಟೇ.”

ನಮ್ಮವರು ಕೆಮ್ಮಿದರು. ಅಷ್ಟರಲ್ಲಿ ಮೇಲಿನಿಂದ ಇಳಿದು ಬಂದ ಸುಮಿತ್ರಕ್ಕ ಮಕ್ಕಳ ಹೆಸರಿನ ಪಟ್ಟಿಯನ್ನು ಹಾಜಿಯವರ ಚಹಾದ ಪಕ್ಕ ಇಟ್ಟರು.

“ಗೆದ್ದ ಮೇಲೆ ಖಂಡಿತ ನೋಡುವ” ಎಂದರು ಹಾಜಿಯವರು.

“ಕ್ಲಾಸು ಶನಿವಾರ, ಕೈ ಎತ್ತುವುದು ಭಾನುವಾರ” ಎಂದರು ಸುಮಿತ್ರಕ್ಕ. “ಹದಿನಾರು ಮಕ್ಕಳಿಗೂ ತಾಯಂದಿರು ಇದ್ದಾರೆ, ಹಾಜೀ.”

ಹಾಜಿಯವರು ಪಟ್ಟಿ ನೋಡಿದರು. ತುಟಿ ಅಲ್ಲಾಡುತ್ತಿತ್ತು. ಓದುತ್ತಿದ್ದರೋ ಎಣಿಸುತ್ತಿದ್ದರೋ ಪಡೆದವನಿಗೇ ಗೊತ್ತು. ಆಮೇಲೆ ಜೇಬಿನಿಂದ ಗೊಂಚಲು ತೆಗೆದು, ಒಂದು ಕೀ ಬಿಡಿಸಿ, ಸುಮಿತ್ರಕ್ಕನ ಮುಂದೆ ಇಟ್ಟರು. ಮೂರು ತಿಂಗಳಿಂದ ಆಗದ ಕೆಲಸಕ್ಕೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಹೊರಡುವಾಗ ಚಪ್ಪಲಿ ಹಾಕುತ್ತಾ ಕೇಳಿದರು: “ಹಾಗಾದ್ರೆ ನಿಮ್ಮ ಹೆಂಗಸರದ್ದು ನಮಗೆ ಪಕ್ಕಾ ಅಲ್ವಾ ತಂಗೀ?”

ನನ್ನ ಕೈ ಅವರಿಗೇ. ಅದು ನನಗೂ ಗೊತ್ತು, ನಮ್ಮವರಿಗೂ ಗೊತ್ತು. “ಇನ್ಶಾ ಅಲ್ಲಾಹ್” ಎಂದಷ್ಟೇ ಹೇಳಿ, ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆ ತೆಗೆಯಲು ಹೋದೆ.

ಪಕ್ಕಾ ಎಂದು ಒಮ್ಮೆ ಹೇಳಿಬಿಟ್ಟರೆ, ಆಮೇಲೆ ನಮ್ಮ ಬೆಲ್ ಒತ್ತುವವರು ಯಾರು?