ಕೊಟ್ಟಿಗೆಯ ಕಾರಿನ ಕುಲಗೋತ್ರ

ನಮ್ಮ ಮಾವನವರು ಎರಡು ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಒಂದು, ಹುರುಳಿ ಸಾರಿಗೆ ಉಪ್ಪು ಎಷ್ಟು ಬೀಳಬೇಕು ಎಂಬುದು. ಇನ್ನೊಂದು, ಕೊಟ್ಟಿಗೆಯಲ್ಲಿ ನಿಂತಿದ್ದ ಕಾರು ವಿಲಾಯಿತಿಯದು ಎಂಬುದು. ಉಪ್ಪಿನ ವಿಷಯದಲ್ಲಿ ಅತ್ತೆ ಬಾಯಲ್ಲಿ ಹೂಂ ಎಂದು ತಮಗೆ ತೋಚಿದಷ್ಟೇ ಹಾಕುತ್ತಿದ್ದರು. ಕಾರಿನ ವಿಷಯದಲ್ಲಿ ಮಾತ್ರ ಉದ್ದನಪಲ್ಲಿಯಲ್ಲಿ ಅವರಿಗೆ ಎದುರಾಡುವವರಿರಲಿಲ್ಲ. ಇಡೀ ಊರಿಗೆ ಇದ್ದದ್ದು ಅದೊಂದೇ ಕಾರು, ಅದೂ ಓಡದ್ದು.

ನಾನು ಗುಮ್ಮಳಾಪುರದಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲು ಸಿಗದೆ ಹೊಸೂರು ಕಡೆಯ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕಿತ್ತು. ಅಂಥ ಕಾಲದಲ್ಲಿ ಬೀಗರ ಮನೆಯಲ್ಲೇ ಒಂದು ಕಾರಿದೆ ಎಂದು ಕೇಳಿ ನಮ್ಮ ಕಡೆಯವರು ಎದೆಯುಬ್ಬಿಸಿಕೊಂಡಿದ್ದರು. ನಾನು ಬಂದು ನೋಡಿದರೆ ಅದರ ಮುಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

ಆ ಕಾರಿನ ಕಥೆಯನ್ನು ಮಾವನವರು ಬಂದವರಿಗೆಲ್ಲ ಹೇಳುತ್ತಿದ್ದರು. ಹೊಸೂರಿನ ಹತ್ತಿರ ಕುದುರೆ ಸಾಕುತ್ತಿದ್ದ ಒಬ್ಬ ದೊರೆ ತನ್ನ ದೇಶಕ್ಕೆ ಹಿಂದಿರುಗುವಾಗ ಅದನ್ನು ಇವರಿಗೆ ಮಾರಿ ಹೋಗಿದ್ದನಂತೆ. ದೊರೆ ಇಂಗ್ಲೆಂಡಿನವನು, ಆದ್ದರಿಂದ ಕಾರೂ ಇಂಗ್ಲೆಂಡಿನದು. ಮಾವನವರ ತರ್ಕ ಇಷ್ಟೇ. ಕೆಲವು ವರ್ಷ ಅದು ಸರಿಯಾಗಿಯೇ ಓಡಿತು. ಒಂದು ದಿನ ರಾಯಕೋಟೆಯಿಂದ ಬರುವಾಗ ಹೊಟ್ಟೆಯೊಳಗೆ ಏನೋ ಸದ್ದು ಮಾಡಿ ನಿಂತುಬಿಟ್ಟಿತು. ಎತ್ತು ಕಟ್ಟಿ ಮನೆಗೆ ಎಳೆದು ತಂದರು. ಆಮೇಲೆ ಅದು ಕೊಟ್ಟಿಗೆಯಿಂದ ಕದಲಲಿಲ್ಲ. ಟೈರುಗಳು ಚಪ್ಪಲಿಗಳಾಗಿ ಊರಿನ ಅರ್ಧ ಜನರ ಕಾಲು ಸೇರಿದವು. ರಬ್ಬರಿನ ಹಾರ್ನ್ ಕಡಲೆಕಾಯಿ ಹೊಲದ ಕಾವಲುಗಾರನ ಪಾಲಾಗಿ ಹಂದಿ ಓಡಿಸುವ ಕೆಲಸಕ್ಕೆ ನಿಂತಿತು. ದೀಪದ ಬಟ್ಟಲಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು. ಇಷ್ಟಾದರೂ ಆಯುಧಪೂಜೆಯ ದಿನ ಮಾವನವರು ನೇಗಿಲು, ಕುಡುಗೋಲುಗಳ ಜೊತೆಗೆ ಕಾರಿಗೂ ಪೂಜೆ ಮಾಡುತ್ತಿದ್ದರು. ಮೈ ತೊಳೆದರೂ ಮುಖವನ್ನು ತೊಳೆಯುತ್ತಿರಲಿಲ್ಲ. ವರ್ಷ ವರ್ಷವೂ ಅರಿಶಿನ, ಕುಂಕುಮ, ಎಣ್ಣೆಗಳನ್ನು ಒಂದರ ಮೇಲೊಂದು ಬಳಿದು ಕಾರಿನ ಹಣೆ ಬೆರಳು ದಪ್ಪ ಗಟ್ಟಿಯಾಗಿತ್ತು.

ಆ ಕಾರಿನ ಹಿಂದಿನ ಸೀಟು ನನ್ನದಾಗಿತ್ತು. ಯಾರೂ ಕೊಟ್ಟದ್ದಲ್ಲ, ನಾನೇ ಹಿಡಿದುಕೊಂಡದ್ದು. ತುಂಬಿದ ಮನೆಯಲ್ಲಿ ಹೊಸ ಸೊಸೆಗೆ ಕೂರಲು ಜಾಗ ಎಲ್ಲಿರುತ್ತದೆ? ಜಗಲಿ ಗಂಡಸರದು, ಅಡುಗೆಮನೆ ಅತ್ತೆಯದು, ನಡುಮನೆ ರಾಗಿ ಮೂಟೆಗಳದು. ಮಧ್ಯಾಹ್ನ ಎಲ್ಲರದೂ ಊಟವಾದ ಮೇಲೆ ನಾನು ಅವರೆಕಾಯಿಯನ್ನೋ ಹುಣಸೆಹಣ್ಣನ್ನೋ ಮೊರದಲ್ಲಿ ಹಾಕಿಕೊಂಡು ಹೋಗಿ ಆ ಹರಿದ ತೊಗಲಿನ ಸೀಟಿನ ಮೇಲೆ ಕಾಲು ಚಾಚಿ ಕೂರುತ್ತಿದ್ದೆ. ಕೈ ಕೆಲಸ ಮಾಡುತ್ತಿತ್ತು, ಉಳಿದಂತೆ ನಾನು ಮಹಾರಾಣಿ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಒಮ್ಮೊಮ್ಮೆ ನನ್ನತ್ತ ನೋಡುತ್ತಿದ್ದರು. ಆ ನೋಟ ನನಗೆ ಹಿಡಿಸುತ್ತಿರಲಿಲ್ಲ. ನಾನು ಅಲ್ಲಿ ಕೂರುವುದು ಅವರಿಗೆ ಸೇರದು ಎಂದೇ ತಿಳಿದಿದ್ದೆ.

ಹೀಗಿರುವಾಗ ಕೃಷ್ಣಗಿರಿಯಿಂದ ಒಬ್ಬ ವಕೀಲರು ಬಂದರು. ಅವರಲ್ಲೂ ಒಂದು ಹಳೆಯ ಕಾರಿತ್ತು, ಅಮೆರಿಕದ ಗಾಡಿ. ಗೇರಿನ ಚಕ್ರದ ಹಲ್ಲು ಮುರಿದು ನಿಂತಿತ್ತು. ಯುದ್ಧ ಮುಗಿದು ಹಡಗು ಬರುವವರೆಗೆ ಹೊಸ ಚಕ್ರ ಸಿಗುವಂತಿಲ್ಲ. ಆದ್ದರಿಂದ ಎಲ್ಲೆಲ್ಲಿ ಹಳೆಯ ಕಾರು ಬಿದ್ದಿದೆ ಎಂದು ಕೇಳಿದರೂ ಪಾಪ, ಅಲ್ಲಿಗೆ ಹೋಗಿ ನೋಡುತ್ತಿದ್ದರು. ನಮ್ಮ ಕಾರು ಅದೇ ಕಂಪನಿಯದಾಗಿ, ವಯಸ್ಸೂ ಹೆಚ್ಚುಕಡಿಮೆ ಅಷ್ಟೇ ಆಗಿದ್ದರೆ ಇಡೀ ಗಾಡಿಯನ್ನೇ ಎತ್ತು ಕಟ್ಟಿ ಕೃಷ್ಣಗಿರಿಗೆ ಎಳೆಸಿಕೊಂಡು ಹೋಗುತ್ತೇನೆ ಎಂದರು.

ಮಾವನವರಿಗೆ ಎರಡು ಕೈಯಲ್ಲೂ ಲಾಡು. ಕಾರು ವಿಲಾಯಿತಿಯದೇ ಆದರೆ ಅವರ ಮಾತು ಗೆದ್ದಂತೆ. ಅಮೆರಿಕದ್ದಾದರೆ ಕೊಟ್ಟಿಗೆ ಖಾಲಿಯಾಗಿ ಹೊಸ ಜೋಡಿ ಎತ್ತು ಕಟ್ಟಲು ಜಾಗವಾದಂತೆ. ಸೋಲುವವಳು ನಾನೊಬ್ಬಳೇ. ಬಾಗಿಲ ಮರೆಯಲ್ಲಿ ನಿಂತು ಆ ಕಾರು ಇಂಗ್ಲಿಷರದೇ ಆಗಿರಲಪ್ಪಾ ಎಂದು ಮನೆದೇವರಿಗೆ ಹರಕೆ ಹೊತ್ತೆ. ಇಡೀ ದೇಶ ಇಂಗ್ಲಿಷರು ತೊಲಗಲಿ ಎನ್ನುತ್ತಿದ್ದಾಗ ಅವರದೊಂದು ವಸ್ತುವಾದರೂ ಉಳಿಯಲಿ ಎಂದು ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು. ಮಾವನವರ ಎದುರಿಗೆ ಬಂದು ಮಾತಾಡುವ ಹಾಗಿರಲಿಲ್ಲ, ಅದಕ್ಕೇ ದೇವರ ಹತ್ತಿರ ಮಾತಾಡಿದೆ.

ವಕೀಲರು ಬಿಳಿ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ ಪರೀಕ್ಷೆಗೆ ಇಳಿದರು. ಅವರು ತಮಿಳಿನಲ್ಲಿ ಕೇಳುತ್ತಿದ್ದರು, ಮಾವನವರು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು, ವಾದ ಜೋರಾದಾಗ ಇಬ್ಬರೂ ಕನ್ನಡಕ್ಕೆ ಬರುತ್ತಿದ್ದರು. ಚಕ್ರದ ಮರದ ಕಡ್ಡಿಗಳನ್ನು ಎಣಿಸಿದ್ದಾಯಿತು. ಸ್ಟಿಯರಿಂಗ್ ಚಕ್ರ ಬಲಗಡೆ ಇದೆಯಲ್ಲ, ಇದಕ್ಕಿಂತ ಸಾಕ್ಷಿ ಬೇಕೆ ಎಂದು ಮಾವನವರು ಕೇಳಿದರು. ನಮ್ಮ ದೇಶಕ್ಕೆ ಕಳಿಸುವಾಗ ಅಮೆರಿಕದವರೂ ಬಲಗಡೆಗೇ ಇಡುತ್ತಾರೆ ಎಂದು ವಕೀಲರು ಆ ಸಾಕ್ಷಿಯನ್ನು ತಳ್ಳಿಹಾಕಿದರು. ಕೋಳಿ ಮಾತ್ರ ಕಾವು ಬಿಟ್ಟು ಏಳಲಿಲ್ಲ. ಅದರ ಹೊಟ್ಟೆಯಡಿ ಕೈ ಹಾಕಲು ಹೋದ ವಕೀಲರಿಗೆ ಎರಡು ಕುಕ್ಕು ಬಿತ್ತು.

ಕಂಪನಿಯ ಹೆಸರು ಕಾರಿನ ಹಣೆಯ ಮೇಲೆ ಇರಲೇಬೇಕು ಎಂದು ವಕೀಲರು ಚೂರಿ ತೆಗೆದು ಕುಂಕುಮದ ಗಟ್ಟಿಯನ್ನು ಕೆರೆಯಲು ಬಾಗಿದರು. ಮಾವನವರು ಅವರ ಕೈ ಹಿಡಿದುಕೊಂಡರು.

"ಪೂಜೆ ಮಾಡಿದ್ ಮುಖ ಸ್ವಾಮಿ. ಕೆರೀಬಾರ್ದು."

ವಕೀಲರೂ ದೇವರಿಗೆ ಹೆದರುವವರೇ. ಚೂರಿ ಮಡಿಸಿದರು. ಹಾಗಾದರೆ ಒಂದೊಂದು ಚಕ್ರದ ನಡುಮಧ್ಯೆ ಒಂದು ಹಿತ್ತಾಳೆಯ ಮುಚ್ಚಳ ಇರುತ್ತಿತ್ತು, ಅದರ ಮೇಲೂ ಹೆಸರು ಇರುತ್ತದೆ, ನಾಲ್ಕರಲ್ಲಿ ಒಂದೂ ಇಲ್ಲವಲ್ಲ ಎಂದರು. ಅವು ಎಲ್ಲಿ ಹೋದವೋ ತಮಗೆ ತಿಳಿಯದು ಎಂದು ಮಾವನವರು ಕೈ ಚೆಲ್ಲಿದರು. ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುತ್ತಾರೆ, ಅದರ ಜೊತೆಗೆ ಕಾರಿನ ಮೂಲವನ್ನೂ ಸೇರಿಸಿಬಿಡಿ ಎಂದು ನಕ್ಕರು. ಅಡುಗೆಮನೆಗೆ ಎಂದೂ ಕಾಲಿಡದ ಗಂಡಸಿಗೆ ಹೇಗೆ ತಿಳಿಯಬೇಕು? ಅವುಗಳಲ್ಲಿ ಒಂದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ದಿನವೂ ರಾತ್ರಿ ಹೆಪ್ಪಿನ ಕುಡಿಕೆಯ ಮೇಲೆ ಅದನ್ನು ಮುಚ್ಚುತ್ತಿದ್ದವಳು, ಬೆಳಗ್ಗೆ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದವಳು ನಾನೇ. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳು ನನ್ನ ಬೆರಳಿಗೆ ಗೊತ್ತಿದ್ದವು, ಕಣ್ಣಿಗೆ ಓದಲು ಬರುತ್ತಿರಲಿಲ್ಲ.

ನನ್ನ ಪಕ್ಕದಲ್ಲೇ ನಿಂತಿದ್ದ ಅತ್ತೆ ತಿರುಗಿ ನೋಡದೆಯೇ ನನಗೆ ಹೇಳಿದರು.

"ಹೆಪ್ಪಿನ್ ಕುಡಿಕೆ ಮುಚ್ಚಳ ತಗಂಬಾ ಕಣಮ್ಮಿ."

ನನ್ನನ್ನು ಆ ಸೀಟಿನಿಂದ ಎಬ್ಬಿಸಲು ಅತ್ತೆ ಇಂಥ ದಿನವನ್ನೇ ಕಾಯುತ್ತಿದ್ದರು ಎನಿಸಿತು. ಸಿಟ್ಟಿನಲ್ಲಿ ಮುಚ್ಚಳ ತಂದು ಅವರ ಕೈಗೆ ಕುಕ್ಕಿದೆ. ಅವರು ಸೆರಗಿನಿಂದ ಒರೆಸಿಕೊಂಡು ಹೊರಗೆ ಹೋಗಿ ವಕೀಲರಿಗೆ ಕೊಟ್ಟರು. ವಕೀಲರು ಅದನ್ನು ಬಿಸಿಲಿಗೆ ಹಿಡಿದು, ಸವೆದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ ಮಗುವಿನ ಹಾಗೆ ನಕ್ಕರು. ಅವರ ಕಾರಿನದೇ ಕಂಪನಿ. ಹೆಸರು ಇಲ್ಲಿ ಬೇಡ. ಅಷ್ಟು ದೊಡ್ಡ ಕಂಪನಿಗೆ ನಮ್ಮ ಹೆಪ್ಪಿನ ಕುಡಿಕೆಯ ಜಾಹೀರಾತು ಬೇಕಾಗಿಲ್ಲ. ಮಾವನವರ ಇಪ್ಪತ್ತು ವರ್ಷದ ವಿಲಾಯಿತಿ ಅಲ್ಲಿಗೆ ಮುಗಿಯಿತು. ಅವರು ಆ ಮುಚ್ಚಳವನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು, ಹಿಂಭಾಗದಲ್ಲಾದರೂ ಇಂಗ್ಲೆಂಡು ಎಂದು ಬರೆದಿರಬಹುದು ಎಂಬ ಆಸೆಯಿಂದ.

ಉಳಿದದ್ದು ವಯಸ್ಸು. ದೀಪಗಳು ಎಣ್ಣೆಯವಲ್ಲ, ಬ್ಯಾಟರಿಯವು, ಆದ್ದರಿಂದ ತೀರಾ ಮುದಿಯಲ್ಲ ಎಂದರು ವಕೀಲರು. ಬ್ರೇಕು ಹಿಂದಿನ ಎರಡೇ ಚಕ್ರಕ್ಕೆ, ಆದ್ದರಿಂದ ಈಚಿನದೂ ಅಲ್ಲ. ಮನೆಗೆ ಬಂದದ್ದು ಯಾವಾಗ ಎಂದು ಕೇಳಿದ್ದಕ್ಕೆ ಮಾವನವರು ಕೆರೆ ಕೋಡಿ ಬಿದ್ದ ವರ್ಷ ಎಂದರು, ಆಮೇಲೆ ಅದರ ಮುಂದಿನ ವರ್ಷ ಎಂದರು. ಹೆಂಗಸರ ಲೆಕ್ಕ ಹಾಗೆ ಜಾರುವುದಿಲ್ಲ. ದೊಡ್ಡ ಮಗ ಹೊಟ್ಟೆಯಲ್ಲಿದ್ದಾಗ ಬಂದದ್ದು, ಅದರ ಪೆಟ್ರೋಲಿನ ವಾಸನೆಗೆ ತನಗೆ ವಾಂತಿ ಹೆಚ್ಚಾಗಿತ್ತು ಎಂದು ಅತ್ತೆ ತೀರ್ಪು ಕೊಟ್ಟರು. ಕೊಂಡಾಗಲೇ ತೊಗಲು ಸವೆದಿತ್ತಂತೆ, ದೊರೆ ಮೂರು ವರ್ಷವಾದರೂ ಓಡಿಸಿದ್ದಾನೆ ಎಂದು ವಕೀಲರು ಕೂಡಿಸಿದರು. ಆ ದೊಡ್ಡ ಮಗನೇ ನನ್ನ ಗಂಡ. ಅಂದರೆ ಕಾರು ನನ್ನ ಗಂಡನಿಗಿಂತ ಮೂರು ವರ್ಷ ದೊಡ್ಡದು, ನನಗೆ ಭಾವನಾಗಬೇಕು. ಭಾವನ ಎದುರಿಗೆ ಕೂರುವುದೇ ತಪ್ಪು ಎನ್ನುವ ಮನೆಯಲ್ಲಿ ನಾನು ಇಷ್ಟು ದಿನ ಕಾಲು ಚಾಚಿಕೊಂಡಿದ್ದೆ. ಅಷ್ಟು ದುಃಖದಲ್ಲೂ ನನಗೆ ನಗು ಬಂತು.

ವಕೀಲರ ಕಾರಿಗೂ ಇದಕ್ಕೂ ಒಂದೇ ವರ್ಷದ ಅಂತರ, ಚಕ್ರದ ಹಲ್ಲು ಖಂಡಿತ ಹೊಂದುತ್ತದೆ. ನಾಳೆಯೇ ಎತ್ತು ಕಟ್ಟಿಸೋಣ ಎಂದು ಅವರು ಎದ್ದರು. ಮಾವನವರೂ ಸೋಲಿನ ಕೈ ಕೊಡವಿಕೊಂಡು ಹೊಸ ಎತ್ತುಗಳಿಗೆ ಗೂಟ ಎಲ್ಲಿ ಹೊಡೆಯುವುದು ಎಂದು ನೋಡತೊಡಗಿದರು. ಆಗ ಅತ್ತೆ ಕಾರಿನ ಬಾಗಿಲಿಗೆ ಕೈ ಇಟ್ಟು ನಿಂತರು.

"ಒಳಗಿನ್ ಕಬ್ಬಿಣ ನಿಮ್ಗೆ ಬೇಕಾದ್ದು ಬಿಚ್ಕಂಡೋಗಿ ಸ್ವಾಮಿ. ಗಾಡಿ ಇಲ್ಲೇ ಇರ್ಲಿ. ಹಿಂದ್ಗಡೆ ಸೀಟು ಮುಟ್ಬ್ಯಾಡಿ."

ಎತ್ತುಗಳನ್ನು ಎಲ್ಲಿ ಕಟ್ಟುವುದು ಎಂದು ಮಾವನವರು ಕೇಳಿದರು. ಹುಲ್ಲಿನ ಮೆದೆಯ ಪಕ್ಕ ಒಂದು ಚಪ್ಪರ ಇಳಿಸಿದರೆ ಆಯಿತು ಎಂದು ಅತ್ತೆ ಹೇಳಿ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟರು. ವಕೀಲರಿಗೆ ಬೇಕಾದದ್ದು ಹಲ್ಲಿನ ಚಕ್ರ, ಅದು ಸಿಕ್ಕರೆ ಸಾಕಾಗಿತ್ತು. ಆ ವಾರವೇ ಕೃಷ್ಣಗಿರಿಯಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದು ಬಿಚ್ಚಿಸಿಕೊಂಡು, ನಮ್ಮಲ್ಲೇ ಮುದ್ದೆ ಉಂಡು ಹೋದರು. ಸಾರಿಗೆ ಉಪ್ಪು ಹದವಾಗಿದೆ ಎಂದರು, ಮಾವನವರು ಆ ಹೊಗಳಿಕೆಯನ್ನು ತಾವೇ ಇಟ್ಟುಕೊಂಡರು.

ಅವರು ಹೋದ ಮಧ್ಯಾಹ್ನ ನಾನು ಅಳುಕುತ್ತಲೇ ಕೊಟ್ಟಿಗೆಗೆ ಹೋದೆ. ಸ್ವಲ್ಪ ಹೊತ್ತಿಗೆ ಅತ್ತೆಯೂ ಬಂದರು. ನಾನು ಗಡಬಡಿಸಿ ಏಳಲು ಹೋದರೆ ಕೂರು ಎಂದು ಕೈ ಮಾಡಿ, ಸೀರೆ ಎತ್ತಿ ಹಿಡಿದು, ಅಭ್ಯಾಸವಾದ ಕಾಲಿನಿಂದ ಮೆಟ್ಟಿಲು ಏರಿ ನನ್ನ ಪಕ್ಕದಲ್ಲಿ ಕೂತರು. ತೊಗಲಿನ ಹರುಕನ್ನು ಬೆರಳಿನಿಂದ ಸವರಿದರು.

"ನಮ್ಮತ್ತೆ ಇದ್ದಾಗ ನಾನು ಇಲ್ಲಿಗೆ ಅಳಾಕ್ ಬತ್ತಿದ್ದೆ ಕಣಮ್ಮಿ," ಎಂದರು. "ನೀನು ಹಾಡ್ಕಣಾಕ್ ಬತ್ತೀಯ. ಅಡ್ಗೆಮನೆಗಂಟ ಕೇಳುಸ್ತದೆ. ಅದ್ಕೇ ಇರ್ಲಿ ಅಂದೆ."

ನಾನು ಹಾಡಿಕೊಳ್ಳುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆ ಸೀಟಿನಲ್ಲಿ ಕೂತು ನನಗೆ ಮೊದಲ ಸಲ ಅಳು ಬಂದದ್ದು ಆವತ್ತೇ.